ಖಾಲಿ ಇದ್ದರೆ ಕತ್ತರಿಸಬಹುದು

ಹೆಡ್‌ಫೋನಿನ ಮೆತ್ತೆ ಇನ್ನೂ ಬೆಚ್ಚಗಿದೆ, ಅವಳ ಕಿವಿಯ ಬಿಸಿ ನನ್ನ ಕಿವಿಗೆ ಅಂಟುತ್ತಿದೆ, ಈಗ ತಾನೇ ತನ್ನ ತಲೆಯಿಂದ ತೆಗೆದು ನನಗೆ ಸಿಕ್ಕಿಸಿದ್ದಾಳೆ, ಕೂದಲು ಸರಿಸಿ, ಹಿಂದೆ ನಾನು ಅವಳಿಗೆ ರಿಬ್ಬನ್ ಕಟ್ಟುತ್ತಿದ್ದಷ್ಟೇ ಗಂಭೀರವಾಗಿ, ಅಲ್ಲಾಡಬೇಡಮ್ಮ, ಎಡಗಡೇದು ಎಡಕ್ಕೇ ಬರಬೇಕು — ನನಗೆ ಹೇಳಿಕೊಡುತ್ತಾಳೆ, ದಿನವಿಡೀ ಇದನ್ನೇ ತಲೆಗೆ ಸಿಕ್ಕಿಸಿಕೊಂಡು ಹೊಟ್ಟೆ ಹೊರೆಯುವವಳಿಗೆ, ಹೇಳಿ ಸರ್, ನಿಮ್ಮ ದೂರು ಏನು ಸರ್, ಗುಣಮಟ್ಟದ ದೃಷ್ಟಿಯಿಂದ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ ಸರ್. ಆದರೆ ಆಫೀಸಿನದು ಹಗುರ, ಒಂದೇ ಕಿವಿಯದು, ಇನ್ನೊಂದು ಕಿವಿ ಸೂಪರ್‌ವೈಸರ್‌ಗೆ ಮೀಸಲು. ಇದು ಎರಡೂ ಕಿವಿ ಮುಚ್ಚಿ ಲೋಕವನ್ನೇ ಆಚೆಗೆ ತಳ್ಳುತ್ತದೆ, ಎದುರಿನ ಸ್ಟೂಲಿನ ಮೇಲೆ ಕೂತ ಮಗಳ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಬರುವುದಿಲ್ಲ, ಮೀನಿನ ತೊಟ್ಟಿಯ ಈಚೆ ನಿಂತ ಹಾಗೆ. ಕೋಣೆಯ ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಒರಗಿಸಿದ್ದಾಳೆ, ಸದ್ದು ತಿರುಗಿ ಬರಬಾರದಂತೆ, ಒಂದು ಹಾಸಿಗೆ ನಮ್ಮ ಮನೆಯದೇ, ಚಿಕ್ಕವಳಿದ್ದಾಗ ಇವಳು ಒದ್ದೆ ಮಾಡಿದ ಕಲೆ ಹಾಗೇ ಇದೆ, ಅದನ್ನು ಒಳಮುಖ ಮಾಡಿ ನಿಲ್ಲಿಸಬಾರದಿತ್ತೇ, ನಾಳೆ ಯಾರಾದರೂ ಫೋಟೊ ತೆಗೆದರೆ, ಆಲ್ಬಮ್ ಮಾಡಿದವರ ಕೋಣೆ ಅಂತ. ತುಟಿ ಮತ್ತೆ ಅಲ್ಲಾಡಿತು, ಹೆಬ್ಬೆರಳು ಎತ್ತಿದಳು. ಶುರು.

ಮೊದಲು ಹಲ್ಲು ಕೊರೆಯುವ ಮಿಷನ್ನು. ನಿಜವಾಗಿಯೂ ಅದೇ, ದವಡೆ ತಾನಾಗಿ ಬಿಗಿಯಿತು, ಹಗಲು ಹಲ್ಲಿನ ಡಾಕ್ಟರಾಗಿ ಸಂಜೆ ಕೀಬೋರ್ಡು ನುಡಿಸುವ ಹೆಂಗಸಿನ ಕಾಣಿಕೆ ಅದು, ಅದರ ಅಡಿಗೆ ಗಿಟಾರು ನಿಧಾನವಾಗಿ ನುಸುಳುತ್ತದೆ, ಆಮೇಲೆ ಡ್ರಮ್ಮು, ಮೆಟ್ಟಿಲ ಮೇಲಿಂದ ಬೀರು ಉರುಳಿಸಿದಂತೆ, ಅದು ಗುದ್ದಪ್ಪ, ಅವನಿಗೆ ಬೇರೆ ಹೆಸರಿದೆಯೋ ಇಲ್ಲವೋ, ಎಲ್ಲರೂ ಗುದ್ದಪ್ಪ ಎನ್ನುತ್ತಾರೆ. ಆಮೇಲೆ ಇವಳ ದನಿ. ನನ್ನ ಮಗಳ ದನಿ ಇಷ್ಟು ಒರಟು ಎಂದು ನನಗೆ ಗೊತ್ತಿರಲಿಲ್ಲ, ಮನೆಯಲ್ಲಿ ಟವೆಲ್ ಕೊಡಮ್ಮ ಎನ್ನುವ ದನಿಯಲ್ಲ ಇದು. ನಾಲ್ಕು ಜನ, ನಾಲ್ಕು ಮನೆ, ಒಂದು ಆಲ್ಬಮ್ಮು, ಮೊನ್ನೆ ಊಟ ಮಾಡುತ್ತಾ ಕೈ ಒಣಗಿದ್ದರೂ ತೊಳೆಯದೆ ವಿವರಿಸಿದ್ದಳು, ನೋಡಮ್ಮ, ಒಬ್ಬೊಬ್ಬರೂ ಅವರವರ ಬದುಕಿನದು ಒಂದು ಸದ್ದು ತರಬೇಕು, ಉಳಿದ ಮೂವರು ಅದರ ಮೇಲೆ ನುಡಿಸಬೇಕು, ಎಲ್ಲಿಂದ ತಂದೆ ಏನು ಕಥೆ ಅಂತ ಯಾರೂ ಕೇಳೋ ಹಾಗಿಲ್ಲ, ತಂದೋರು ಹೇಳಿದ್ರೆ ಹೇಳಬಹುದು, ಮತ್ತೆ ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಅಳಿಸೋ ಹಾಗಿಲ್ಲ, ಖಾಲಿ ಇದ್ರೆ ಮಾತ್ರ ಕತ್ತರಿಸಬಹುದು. ಯಾರು ಮಾಡಿದ್ದೇ ಈ ಕಾನೂನು ಎಂದೆ. ಅಪ್ಪ, ಎಂದಳು, ಮತ್ಯಾರು. ಮತ್ಯಾರು. ಕೇಳುವ ಹಾಗಿಲ್ಲ ಎನ್ನುವ ಕಾನೂನು ಅವನಿಗೆ ಹುಟ್ಟಿನಿಂದಲೇ ಬಂದದ್ದು, ಈಗ ಅದಕ್ಕೆ ಕಲೆ ಎಂದು ಹೆಸರಿಟ್ಟಿದ್ದಾನೆ ಅಷ್ಟೆ. ಇವಳು ನಡೆಯಲು ಕಲಿಯುತ್ತಿದ್ದಾಗ ಅವನು ಹೊರಡಲು ಕಲಿತ, ಮೊದಲು ವಾರಕ್ಕೆ, ಆಮೇಲೆ ತಿಂಗಳಿಗೆ, ಆಮೇಲೆ ಗಿಟಾರಿನ ಪೆಟ್ಟಿಗೆಯ ಜೊತೆ ಬಟ್ಟೆಯ ಪೆಟ್ಟಿಗೆಯನ್ನೂ ತೆಗೆದುಕೊಂಡು. ಹೋದ ವರ್ಷ ಯಾವುದೋ ವೇದಿಕೆಯಲ್ಲಿ ಮಗಳು ಹಾಡಿದ್ದನ್ನು ಕೇಳಿ ಫೋನು ಮಾಡಿದ, ನಿನ್ನ ದನಿಯಲ್ಲಿ ಏನೋ ಇದೆ ಕಣೇ, ನಮ್ಮ ಜೊತೆ ಹಾಡು ಬಾ ಎಂದನಂತೆ. ಇರದೆ ಏನು. ಜ್ವರ ಬಂದಾಗ ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿದವರಿಗೆ ಆ ದನಿಯಲ್ಲಿ ಏನಿದೆ ಎಂದು ಯಾವತ್ತೋ ಗೊತ್ತಿತ್ತು, ಆದರೆ ನಾವು ಕಿವಿಯುಳ್ಳವರ ಪಟ್ಟಿಯಲ್ಲಿಲ್ಲ.

ಹಾಡುಗಳು ಒಂದರೊಳಗೊಂದು ಸೋರುತ್ತಿವೆ, ಎಲ್ಲಿ ಮುಗಿದು ಎಲ್ಲಿ ಹುಟ್ಟುತ್ತದೆ ತಿಳಿಯದು, ಲಿಫ್ಟಿನ ಬಾಗಿಲು ಬಡಿದುಕೊಳ್ಳುವ ಸದ್ದೊಂದು ತಾಳವಾಗಿ, ತಾಳ ತಪ್ಪಿ, ಮತ್ತೆ ಬಾಗಿಲಾಗುತ್ತದೆ, ಚೆನ್ನಾಗಿದೆ, ಒಪ್ಪಬೇಕು, ಅದೇ ನನ್ನ ಹೊಟ್ಟೆಕಿಚ್ಚು, ಕೆಟ್ಟದಾಗಿದ್ದರೆ ಎಷ್ಟು ಸುಲಭವಿತ್ತು. ಇವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಉಗುರು ಕಚ್ಚುತ್ತಿದ್ದಾಳೆ, ಬೆರಳು ಎತ್ತಿ ತೋರಿಸಿದಳು, ಇನ್ನೊಂದಾದ ಮೇಲೆ ಅದು. ಅದು. ಗೊತ್ತು. ಬೆಳಿಗ್ಗೆ ಅಡುಗೆಮನೆಗೆ ಬಂದು ಸೊಂಟಕ್ಕೆ ಜೋತುಬಿದ್ದಳು, ಅಮ್ಮ, ಅಪ್ಪ ತಂದ ಸದ್ದು ಏನು ಗೊತ್ತಾ, ನಾನು ಹುಟ್ಟಿದ್ದು. ಕೈಯಲ್ಲಿದ್ದ ಲೋಟ ಬೀಳಲಿಲ್ಲ, ಬೀಳುವುದು ಸಿನಿಮಾದಲ್ಲಿ, ನಾನು ಅದನ್ನು ತೊಳೆದು ಕವುಚಿಟ್ಟೆ. ಅಪ್ಪ ಒಳಗೇ ಇದ್ರಂತಲ್ಲ ಹೆರಿಗೆ ಆದಾಗ, ಟೇಪು ಹಿಡ್ಕೊಂಡು, ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ರಂತೆ, ಇದು ನೀನು ಬಂದಾಗಿನ ಸದ್ದು ಕಣೇ, ನಿಂದೇ ಇದು, ತಗೋ ಅಂದ್ರು, ಅವರು ನನಗೇ ಅಂತ ಕೊಟ್ಟಿದ್ದು ಇದೊಂದೇ ಅಲ್ವಾ ಅಮ್ಮ. ಹೌದು, ಇದೊಂದೇ. ಅದರಲ್ಲಿರೋ ಕೂಗು ನಿಂದಮ್ಮ, ಸಂಜೆ ಒಳಗೆ ಫೈನಲ್ ಕಳಿಸಬೇಕು, ನೀನು ಬೇಡ ಅಂದ್ರೆ ತೆಗೆದುಬಿಡ್ತೀನಿ. ಬಾಗಿಲ ತನಕ ಹೋಗಿ ತಿರುಗಿ, ಬೇಡ ಅನ್ನಬೇಡ, ಆಯ್ತಾ.

ಬಂತು. ಫ್ಯಾನಿನ ಸದ್ದು ಮೊದಲು, ಆ ಫ್ಯಾನಿಗೆ ಒಂದು ರೆಕ್ಕೆ ಸೊಟ್ಟ, ಟಕ್ ಟಕ್ ಎನ್ನುತ್ತಿತ್ತು, ಮಲಗಿದಲ್ಲಿಂದ ನಾನು ನೋಡುತ್ತಿದ್ದದ್ದು ಅದೊಂದನ್ನೇ, ಆಮೇಲೆ ನರ್ಸಮ್ಮ, ಏನ್ರೀ ಇದು, ಸಿನಿಮಾ ತೆಗೀತೀರಾ, ಆಚೆ ಹೋಗ್ರಿ, ಆಚೆ ಹೋಗಲಿಲ್ಲ ಅವನು, ಡಾಕ್ಟರಮ್ಮ ಅವನ ಗೆಳೆಯನ ಅಕ್ಕ, ಇರಲಿ ಬಿಡು, ಕಲಾವಿದರು ಅಂದರು. ಆಮೇಲೆ ನಾನು. ಈ ದನಿ ನನ್ನದು. ಯಾವ ಬಾವಿಯ ತಳದಿಂದಲೋ, ಒಂದೇ ಅಕ್ಷರ, ಅದಕ್ಕೆ ವರ್ಣಮಾಲೆಯಲ್ಲಿ ಜಾಗವಿಲ್ಲ, ಅದು ಏರುತ್ತಿದ್ದಂತೆ ಗುದ್ದಪ್ಪ ಕೈ ತಡೆದಿದ್ದಾನೆ, ಪುಣ್ಯಾತ್ಮ, ಹಲ್ಲಿನ ಡಾಕ್ಟರು ಒಂದೇ ಸ್ವರ ಹಿಡಿದು ನಿಂತಿದ್ದಾರೆ, ಇವಳ ದನಿ ನನ್ನ ಕೂಗಿನ ಪಕ್ಕಕ್ಕೆ ಬಂದು ನಿಂತಿತು, ಶ್ರುತಿ ಕೂಡಿಸಿ, ಕೈ ಹಿಡಿದ ಹಾಗೆ. ಅವತ್ತು ಯಾರೂ ಹಿಡಿಯಲಿಲ್ಲ. ಮಂಚದ ಕಂಬಿಯನ್ನು ಬಿಟ್ಟು ನಾನು ಅವನತ್ತ ಕೈ ಚಾಚಿದ್ದೆ, ಅವನು ಎರಡೂ ಕೈಯಲ್ಲಿ ಮೈಕು ಹಿಡಿದಿದ್ದ, ಹಕ್ಕಿಮರಿ ಹಿಡಿದ ಹಾಗೆ ಬೊಗಸೆಯಲ್ಲಿ, ಅದು ಅಲುಗಾಡಿದರೆ ಗೊರ ಗೊರ ಎಂಬ ಸದ್ದು ಬೀಳುತ್ತದೆ ನೋಡು, ಅದಕ್ಕೆ. ಎರಡೂ ಕೈ. ಆದರೆ ಪುಟ್ಟಿ, ಇದು ನೀನಲ್ಲ. ನೀನು ಹುಟ್ಟುವಾಗ ನನ್ನ ಬಾಯಲ್ಲಿ ಸದ್ದೇ ಇರಲಿಲ್ಲ, ನನಗೆ ಪ್ರಜ್ಞೆ ತಪ್ಪಿಸಿ ಹೊಟ್ಟೆ ಕೊಯ್ದು ನಿನ್ನನ್ನು ತೆಗೆದರು, ಅದು ನಿನಗೂ ಗೊತ್ತು, ಕೊಯ್ಯುವ ಮೊದಲು ಅಮ್ಮ ಕೂಗಿರಬೇಕು ಎಂದುಕೊಂಡಿರುತ್ತೀ, ಇಲ್ಲ, ಕೂಗಲಿಲ್ಲ, ಮತ್ತೆ ನಿನ್ನಪ್ಪ ಆ ಹೊತ್ತಿಗೆ ಬೇರೆ ಊರಿನ ಸ್ಟೇಜಿನ ಮೇಲಿದ್ದ. ಇದು ನಿನಗಿಂತ ಮೊದಲಿನವನು. ನಿನ್ನ ಅಣ್ಣ. ಅತ್ತೆ ಬಾಣಂತಿಯ ಕೋಣೆಯಲ್ಲೇ ಕಟ್ಟಪ್ಪಣೆ ಮಾಡಿದ್ದರು, ಆ ಮಾತು ಇನ್ನು ಈ ಮನೆಯಲ್ಲಿ ಬೇಡ, ಹೊಟ್ಟೆಯಲ್ಲಿ ಹಾಕ್ಕೊಂಡುಬಿಡು, ಎಲ್ಲಿದ್ದನೋ ಅಲ್ಲಿಗೇ ಹಾಕಿಕೋ ಅಂತ ಹೇಳಿದ ಹಾಗೆ, ಹಾಕಿಕೊಂಡೆ.

ಇವಳಪ್ಪ ಸುಳ್ಳು ಹೇಳಿದನೇ, ಮರೆತನೇ. ಬೆಳಗ್ಗಿನಿಂದ ತೂಗಿ ನೋಡುತ್ತಿದ್ದೇನೆ, ಸುಳ್ಳು ಹೇಳಿದ್ದರೆ ಅವನಿಗೆ ನೆನಪಿದೆ ಎಂದಾಯಿತು, ನೆನಪಿದ್ದು ಹೇಳಿದ್ದರೆ ಕಟುಕ, ಮರೆತು ಹೇಳಿದ್ದರೆ ಕಟುಕನೂ ಅಲ್ಲ, ಏನೂ ಅಲ್ಲ, ಹೆಂಡತಿ ಹೆತ್ತಳು, ಯಾವುದೋ ಒಂದು, ಸದ್ದು ಚೆನ್ನಾಗಿ ಬಂದಿದೆ. ಸದ್ದು ಸುಳ್ಳು ಹೇಳಲ್ಲ ಕಣೇ, ಎನ್ನುತ್ತಿದ್ದ, ಕುಕ್ಕರಿನ ಮುಂದೆ ಮೈಕು ಹಿಡಿದು, ನಲ್ಲಿಯ ಮುಂದೆ ಹಿಡಿದು, ನಾನು ಅತ್ತಾಗ ನನ್ನ ಮುಂದೆ ಹಿಡಿದು. ಬೇಡ ಎನ್ನಲೇ. ಬೇಡ ಎಂದರೆ ಯಾಕೆ ಎನ್ನುತ್ತಾಳೆ, ನಾಚಿಕೆ ಎನ್ನಬಹುದು, ವಯಸ್ಸಾದ ಹೆಂಗಸು, ಹೆರಿಗೆಯ ಕೂಗು, ಊರೆಲ್ಲ ಕೇಳುವುದು, ನಂಬುತ್ತಾಳೆ, ಮುಖ ಚಿಕ್ಕದು ಮಾಡಿಕೊಂಡು ತೆಗೆಯುತ್ತಾಳೆ, ಇವಳಪ್ಪ ನಿಮ್ಮಮ್ಮ ಯಾವತ್ತೂ ಹಾಗೇ ಎನ್ನುತ್ತಾನೆ, ನಾನು ಯಾವತ್ತೂ ಹಾಗೇ ಆಗಿ ಉಳಿಯುತ್ತೇನೆ. ಇರಲಿ ಎನ್ನಲೇ. ಇರಲಿ ಎಂದರೆ ಇವಳು ಬದುಕೆಲ್ಲ ವೇದಿಕೆಯ ಮೇಲೆ ನಿಂತು, ಇದು ನಾನು ಹುಟ್ಟಿದ ಸದ್ದು ಎಂದು ಹೇಳಿ, ಅಣ್ಣನ ಜೊತೆ ಹಾಡುತ್ತಾಳೆ, ತಿಳಿಯದೆ, ಜನ ಚಪ್ಪಾಳೆ ತಟ್ಟುತ್ತಾರೆ. ಆಫೀಸಿನಲ್ಲಾದರೆ ಮ್ಯೂಟ್ ಗುಂಡಿ ಇದೆ, ಅದನ್ನು ಒತ್ತಿ ನೀನು ಹಾಳಾಗಿ ಹೋಗು ಎಂದು ಹೇಳಿ, ಬಿಟ್ಟು, ಖಂಡಿತ ಸರ್ ಎನ್ನುತ್ತೇವೆ. ಇಲ್ಲಿ ಇವಳ ಕಣ್ಣು. ಕೂಗು ಮುಗಿಯಿತು, ಮುಗಿದ ಕ್ಷಣಕ್ಕೇ ಇವಳ ದನಿ ಒಂಟಿಯಾಗಿ ಮೇಲೆದ್ದಿತು, ತೆಳ್ಳಗೆ, ಹಸುಗೂಸಿನ ಅಳುವಿನ ಹಾಗೆ, ಎಷ್ಟು ಚೆಂದ, ಎಷ್ಟು ಸರಿಯಾದ ಜಾಗದಲ್ಲಿ. ಅಲ್ಲಲ್ಲ. ಅಲ್ಲಿ ಯಾರೂ ಅಳಲಿಲ್ಲ.

ಹೆಡ್‌ಫೋನು ತೆಗೆದೆ. ಕೋಣೆಯ ಸದ್ದು ಒಮ್ಮೆಲೇ ಬಂದು ಕೂತಿತು, ಆಚೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ. ಹೆಂಗಿದೆ ಅಮ್ಮ, ಹೇಳು, ಅಳ್ತಿದೀಯಾ, ನಾನೂ ಅತ್ತೆ, ಗುದ್ದಪ್ಪನೂ ಅತ್ತ, ಆಮೇಲೆ ಕಣ್ಣಿಗೆ ಧೂಳು ಅಂದ, ಕಳಿಸಲಾ. ಆ ಕೂಗು ಆದ ಮೇಲೆ ಟೇಪಿನಲ್ಲಿ ಏನಿತ್ತು, ಎಂದೆ. ಏನೂ ಇಲ್ಲಮ್ಮ, ಉದ್ದಕ್ಕೆ ಖಾಲಿ, ಟೇಪು ಹಾಳಾಗಿದೆ ಅಂದ್ರು ಅಪ್ಪ, ಖಾಲಿ ಇದ್ರೆ ಕತ್ತರಿಸಬಹುದಲ್ಲ, ಕತ್ತರಿಸಿ ನನ್ನ ದನಿ ಕೂರಿಸಿದೆ, ಯಾಕೆ. ಆ ಖಾಲಿ ಇದೆಯಾ ನಿನ್ನ ಹತ್ತಿರ. ಇದೆ, ನಾನು ಏನನ್ನೂ ಬಿಸಾಕಲ್ಲ, ನಿನ್ನ ಮಗಳಲ್ವಾ. ಹಾಕು, ಎಂದೆ, ಹೆಡ್‌ಫೋನಿನ ವೈರು ಕಿತ್ತು ಅವಳ ಮಡಿಲಿಗಿಟ್ಟೆ, ಇದರಲ್ಲಿ ಬೇಡ, ಇಬ್ಬರಿಗೂ ಕೇಳಲಿ. ನಕ್ಕಳು, ಖಾಲಿನ ಏನಮ್ಮ ಕೇಳೋದು, ನೀನೂ ಈಗ ಎಕ್ಸ್‌ಪೆರಿಮೆಂಟಲ್ ಆದೆ ಬಿಡು, ದನಿ ಪೂರ್ತಿ ಏರಿಸಿದಳು, ಫ್ಯಾನಿನ ಟಕ್ ಟಕ್ ಕೋಣೆ ತುಂಬಾ ಹರಡಿತು, ಒಂದು ಸ್ಟೀಲ್ ತಟ್ಟೆ ಎಲ್ಲೋ ಸರಿಯಿತು, ಯಾರೋ ಪಿಸುಗುಟ್ಟಿದರು, ಗಂಡು, ಎಂದಿದ್ದರು, ನನಗೆ ಗೊತ್ತು, ಇವಳಿಗೆ ಕೇಳಿಸಿರಲಾರದು, ಆಮೇಲೆ ಅದು — ತಟ್, ತಟ್ ತಟ್, ಮೆತ್ತಗೆ, ಒದ್ದೆ ಸದ್ದು, ನಿಲ್ಲುತ್ತದೆ, ಮತ್ತೆ ತಟ್ ತಟ್. ಅರೆ, ಇದು ನನಗೆ ಕೇಳಿಸಿರಲೇ ಇಲ್ಲ, ಚೆನ್ನಾಗಿದೆಯಲ್ಲ, ಬೀಟ್ ತರಾನೇ ಇದೆ, ಎನ್ನುತ್ತಾ ಅವಳ ಬೆರಳು ಆಗಲೇ ಮೇಜಿನ ಅಂಚಿನ ಮೇಲೆ ಜೊತೆಗೂಡಿತು, ತಟ್ ತಟ್, ಸರಿಯಾದ ಲೆಕ್ಕಕ್ಕೆ, ಒಂದು ತಪ್ಪೂ ಇಲ್ಲದೆ, ನಾನು ಆ ಬೆರಳಿನ ಮೇಲೆ ನನ್ನ ಅಂಗೈ ಇಟ್ಟೆ. ಅದು ಬೆನ್ನು ತಟ್ಟಿದ್ದು ಪುಟ್ಟಿ, ಎಂದೆ, ಉಸಿರು ಬರಲಿ ಅಂತ. ನನ್ನ ಬೆನ್ನಾ, ಎಂದಳು, ಇನ್ನೂ ನಗುತ್ತಲೇ. ನಿನ್ನ ಬೆನ್ನಲ್ಲ. ನಿನಗಿಂತ ಮುಂಚೆ ಒಬ್ಬನಿದ್ದ. ಅವನದು.

ಬೆರಳು ನನ್ನ ಅಂಗೈಯಡಿ ನಿಂತಿತು. ತಟ್ಟುವುದೂ ನಿಂತಿದೆ, ಟೇಪು ಓಡುತ್ತಲೇ ಇದೆ, ಫ್ಯಾನು, ಫ್ಯಾನು, ಇವಳು ನನ್ನ ಮುಖ ನೋಡುತ್ತಾಳೆ, ಸ್ಪೀಕರಿನ ಕಡೆ ನೋಡುತ್ತಾಳೆ, ಮತ್ತೆ ನನ್ನನ್ನು, ಮುಖದಿಂದ ಒಂದೊಂದೇ ಇಳಿದು ಹೋಗುತ್ತಿದೆ, ಆಲ್ಬಮ್ಮು, ಗುದ್ದಪ್ಪ, ಅಪ್ಪ ಕೊಟ್ಟದ್ದು, ನಾನು ಕಿತ್ತುಕೊಂಡೆ, ಅವನು ಕೊಟ್ಟದ್ದು ಒಂದೇ ಒಂದು, ಅದನ್ನೂ ಕಿತ್ತುಕೊಂಡೆ, ಆದರೆ ಅದು ಅವನದಾಗಿತ್ತೇ ಕೊಡುವುದಕ್ಕೆ. ಅಳಲಿಲ್ಲ ಇವಳು. ಕೇಳಿದಳು, ಕೇಳಬಾರದು ಎನ್ನುವ ಕಾನೂನು ಮುರಿದು, ಸಣ್ಣ ದನಿಯಲ್ಲಿ, ಅವರು ತಟ್ತಾ ಇದ್ದಾಗ ಅಪ್ಪ ಏನ್ಮಾಡ್ತಿದ್ರಮ್ಮ. ಬಾಯಿ ತೆರೆದೆ, ಉತ್ತರ ಕೋಣೆಯಲ್ಲೇ ಇದೆ, ಸ್ಪೀಕರಿನಿಂದ ಬರುತ್ತಿದೆ, ಕೇಳು, ಒಂದು ಗೊರ ಗೊರ ಇಲ್ಲ, ಒಂದು ನಡುಕ ಇಲ್ಲ, ನಾನು ಕೂಸು ಅಳುತ್ತದಾ ಅಳುತ್ತದಾ ಎಂದು ಕತ್ತು ಎತ್ತಿ ನೋಡಿದಾಗ ಮೊದಲು ಕಂಡದ್ದು ಮಗುವಲ್ಲ, ಬಿಳಿ ಬೆಳಕಿನಲ್ಲಿ ಮೈಕು ಹಿಡಿದ ನಿನ್ನಪ್ಪನ ಕೈ, ಎರಡೂ ಕೈ, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ, ಅಲುಗಾಡದೆ, ಆ ಪುಟ್ಟ ಬೆನ್ನಿನ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ, ಎರಡೂ ಕೈ, ಎರಡೂ ಕೈ