ಅಂಬ್ರಪ್ಪ ಕಾಲಿಡುತ್ತಿದ್ದ ಜಾಗ

ಮೂವತ್ತೊಂದು ವರ್ಷದಿಂದ ಶಹಾಪುರದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ತುಕ್ಕು ಕಂಡರೆ ನನಗೆ ಹೇಸಿಗೆ, ಕೀವು ತುಂಬಿದ ಹುಣ್ಣು ಕಂಡಂತಾಗುತ್ತದೆ. ಕೆಸರು ಮೆತ್ತಿದ ಗಾಡಿ ತಂದವನನ್ನು ತೊಳೆಸಿಕೊಂಡು ಬಾ ಎಂದು ಬಾಗಿಲಿನಿಂದಲೇ ಅಟ್ಟುತ್ತೇನೆ. ನನ್ನ ತಮ್ಮ ನಯೀಮ ತೀರಿಕೊಂಡ ಮೇಲೆ ಅವನು ಹದಿನಾರು ವರ್ಷ ಓಡಿಸಿದ ಲಾರಿಯನ್ನು ಮಾರುವ ಮುಂಚೆ ನಾನೇ ಉಜ್ಜಿ, ಪುಟ್ಟಿ ಹಾಕಿ, ಬಣ್ಣ ಹೊಡೆದೆ. ನೋಡಲು ಬಂದವರು ಶೋರೂಮಿನಿಂದ ಈಗ ಬಂದದ್ದೇ ಎಂದು ಕೇಳಿದರು. ಈ ಮನ್ಸೂರಅಲಿಯ ಕೈ ಅಂದರೆ ಅದು.

ಅಂಥ ಕೈಗೆ ಕೆಂಭಾವಿಯ ಮರಿಲಿಂಗಪ್ಪ ಒಂದು ಪ್ಲಾಸ್ಟಿಕ್ ಆಟಿಕೆ ತಂದುಕೊಟ್ಟ.

ಆಟಿಕೆ ಎಂದದ್ದಕ್ಕೆ ಮುಖ ಗಂಟಿಕ್ಕಿದ. ಅದು ಟ್ಯಾಂಕಂತೆ. ಮಿಲಿಟರಿಯಲ್ಲಿದ್ದಾಗ ಅವನು ಓಡಿಸುತ್ತಿದ್ದ ಟ್ಯಾಂಕಿನದೇ ಅಚ್ಚು, ಮೂವತ್ತೈದು ಪಟ್ಟು ಚಿಕ್ಕದು, ಒಂದು ಗೇಣು ಉದ್ದ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಹೊತ್ತು ಹೋಗಲಿ ಎಂದು ಅವನ ಮಗಳು ಹೈದರಾಬಾದಿನಿಂದ ಡಬ್ಬಿ ತಂದುಕೊಟ್ಟಿದ್ದಳು. ಇನ್ನೂರು ಚೂರುಗಳನ್ನು ಎಡಗೈಯೊಂದರಲ್ಲೇ ಅಂಟಿಸಿದ್ದ. ಬ್ರಶ್ ಹಿಡಿದರೆ ಮಾತ್ರ ಆ ಕೈಯೂ ನಡುಗುತ್ತಿತ್ತು.

"ಇದರಾಗ ನನ್ನ ಜೋಡಿ ಕೊಂಕಲ್ ಊರಿನ ಅಂಬ್ರಪ್ಪ ಇದ್ದ, ಗನ್ ಹೊಡಿಯಾಂವ" ಎಂದ. "ಗುರುವಾರ ಅಂವ ಸತ್ತ ವರ್ಷದ ದಿನ ಅದ. ಹನ್ನೆರಡು ವರ್ಷ ಅಂವ ಎದರಾಗ ಕುಂತಿದ್ದ ಅಂತ ಅವನ ಹೆಂಡತಿ ಪಾರ್ವತಿಬಾಯಿ ಒಮ್ಮಿನೂ ನೋಡಿಲ್ಲ. ಪುಣ್ಯಾತ್ಮ ಟ್ಯಾಂಕಿಂದ ಒಂದು ಫೋಟೋನೂ ಕಳಿಸಿದಾಂವಲ್ಲ. ತಂದು ತೋರಸ್ತೀನಿ ಅಂತ ಆಕಿಗೆ ಮಾತು ಕೊಟ್ಟೀನ್ರಿ ಉಸ್ತಾದ್."

"ಕೊಡ್ರಿ, ಹೊಳಿಯೂ ಹಂಗ ಮಾಡಿಕೊಡ್ತೀನಿ."

"ಹೊಳಿಬಾರದು. ಹಸರ ಹೊಡದ ಮ್ಯಾಲ ಕೆಸರ ಹಚ್ಚರಿ, ತುಕ್ಕ ಹಚ್ಚರಿ. ಇಲ್ಲಿ ನೋಡ್ರಿ, ಮುಂದ ಎಡಕ್ಕ, ಇಷ್ಟ ಜಾಗದಾಗ ಬಣ್ಣ ಹೋಗಿ ಕಬ್ಬಣ ಕಾಣಬೇಕು."

"ಹೊಸಾದಕ್ಕ ತುಕ್ಕ ಹಚ್ಚೂದಾ? ತಲಿ ನೆಟ್ಟಗ ಅದೇನ್ರಿ ನಿಮ್ದು?"

"ಹೇಳಿದಷ್ಟ ಮಾಡ್ರಿ" ಎಂದು ಹೊರಟುಹೋದ. ಬುಧವಾರ ಬರುತ್ತೇನೆಂದ.

ಅವನು ಹೋದ ಮೇಲೆ ಟ್ಯಾಂಕನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲಿ ನೋಡಿದರೂ ಅಂಟು ಸೋರಿ ಗಟ್ಟಿಯಾಗಿತ್ತು, ಮಕ್ಕಳ ಮೂಗಿನ ಸಿಂಬಳದ ಹಾಗೆ. ಇದರ ಮೇಲೆ ಕೆಸರು ಬೇರೆ ಬೇಕಂತೆ. ನನಗೆ ಹೇಸಿಗೆ ಬಂತು. ಮಿಲಿಟರಿಯವರಿಗೆ ಬಣ್ಣದ ವಿಷಯ ಏನು ಗೊತ್ತು ಅಂದುಕೊಂಡೆ. ಸತ್ತವನ ಫೋಟೋದ ಮುಂದೆ ಇಡುವ ವಸ್ತು, ಹೆಣ್ಣುಮಗಳು ನೋಡುವ ವಸ್ತು, ಕೊಳಕಾಗಿ ಇದ್ದರೆ ಮರ್ಯಾದೆ ಯಾರದು ಹೋಗುತ್ತದೆ? ನನ್ನದೇ ಅಲ್ಲವೇ?

ಅಂಟನ್ನೆಲ್ಲ ಕೆರೆದೆ. ಮೂರು ಕೈ ಹಸಿರು ಹೊಡೆದೆ, ಮೇಲೆ ವಾರ್ನಿಶ್ ಕೊಟ್ಟೆ. ಗಾಲಿಗಳ ನಡುವೆ ಕೆಂಪು ಚುಕ್ಕೆ, ಅಂಚಿಗೆ ಹಳದಿ ಗೆರೆ, ಗನ್ನಿನ ಕೊಳವೆಯ ತುದಿಗೆ ದೃಷ್ಟಿಯಾಗದಿರಲಿ ಎಂದು ಕರಿದಾರ. ಹಿಂದೆ ಸಣ್ಣದಾಗಿ ಎರಡು ಹೂವು, ಅದರ ಕೆಳಗೆ ನನ್ನ ಹೆಸರು. ಮೊದಲನೇ ಸಲ ಇಂಥದ್ದಕ್ಕೆ ಕೈ ಹಾಕಿದ್ದರೂ ಸೋತಿಲ್ಲ ಎಂದು ಬೀಗಿದೆ.

ಬುಧವಾರ ಬೆಳಿಗ್ಗೆ ಮರಿಲಿಂಗಪ್ಪ ಬಂದ. ನೋಡಿದ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಸತ್ತ ಹೆಗ್ಗಣ ಕಂಡವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

"ಥೂ" ಎಂದ. "ಇದು ಮದವಿ ಟ್ರ್ಯಾಕ್ಟರು. ಇದರಾಗ ನಾವು ಕುಂತಿಲ್ಲ."

ನನಗೆ ರೋಷ ಉಕ್ಕಿತು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಥೂ ಎಂದಿರಲಿಲ್ಲ. "ಕೊಳಕ ಬೇಕಂದ್ರ ಗಟಾರದಾಗ ಹಾಕ್ಕೊಂಡ ಹೋಗ್ರಿ" ಎಂದೆ.

ಅವನು ಸ್ಟೂಲು ಎಳೆದು ಕೂತ. ಬಯ್ಯಲಿಲ್ಲ. "ನಾ ಡ್ರೈವರು, ಮುಂದ ಕೆಳಗ ಕುಂದ್ರತಿದ್ದೆ. ಅಂಬ್ರಪ್ಪ ಹತ್ತೂವಾಗ ನನ್ನ ತಲಿ ಮ್ಯಾಲಿನ ಮುಚ್ಚಳದ ಬಾಜೂಕ ಎಡಗಾಲ ಇಟ್ಟೇ ಹತ್ತಾಂವ. ದಿನಾ ಅಲ್ಲೇ. ಮ್ಯಾಲಿನ ಸಾಹೇಬರು ವರ್ಷಾ ಬಣ್ಣ ಹೊಡಸ್ತಿದ್ರು, ಎರಡ ತಿಂಗಳದಾಗ ಅವನ ಕಾಲು ಅದನ್ನ ತಿಂದ ಬಿಡತಿತ್ತು. ಲಾರಿ ಡ್ರೈವರ್ ಬಾಗಲದ ಮ್ಯಾಲ ಮೊಣಕೈ ಇಡ್ತಾನಲ್ರಿ, ಅಲ್ಲಿ ಬಣ್ಣ ಹೋಗಿರ್ತದಲ್ಲ, ಹಂಗ. ನಿಮಗ ಗೊತ್ತಿರಲಾರದ್ದೇನ್ರಿ ಅದು?"

ಗೊತ್ತಿತ್ತು. ಲಾರಿ ಬಂದ ಕೂಡಲೇ ನಾನು ಮೊದಲು ಉಜ್ಜುವ ಜಾಗವೇ ಅದು. ನಯೀಮನ ಲಾರಿಯ ಕಿಟಕಿಯ ಕೆಳಗೆ ಅಂಗೈಯಷ್ಟು ಜಾಗ ಬಣ್ಣವೆಲ್ಲ ಹೋಗಿ ತಗಡು ಮಿಂಚುತ್ತಿತ್ತು. ಸುತ್ತ ಬೆವರಿನ, ಎಣ್ಣೆಯ ಜಿಡ್ಡು. ಎಷ್ಟು ಗಲೀಜು ಮಾಡಿದ್ದಾನೆ ಎಂದು ಬೈದುಕೊಂಡೇ ಉಜ್ಜಿದ್ದೆ. ಹತ್ತು ನಿಮಿಷದ ಕೆಲಸ. ಅವನನ್ನು ಮಣ್ಣು ಮಾಡಿ ಆಗ ಇನ್ನೂ ನಲವತ್ತು ದಿನವಾಗಿರಲಿಲ್ಲ.

"ಸ್ಟೂಲು ಹತ್ರ ತಗೋರಿ" ಎಂದೆ ಮರಿಲಿಂಗಪ್ಪನಿಗೆ. "ಎಲ್ಲೆಲ್ಲಿ ಏನೇನು, ಬೆರಳ ಇಟ್ಟ ತೋರಿಸ್ರಿ."

ಥಿನ್ನರ್ ಹಚ್ಚಿದರೆ ಪ್ಲಾಸ್ಟಿಕ್ಕೇ ಕರಗೀತು ಎಂದು ನಯವಾದ ಉಪ್ಪುಕಾಗದದಿಂದ ವಾರ್ನಿಶ್ ಉಜ್ಜಿದೆ. ಹೂವು ಹೋಯಿತು, ನನ್ನ ಹೆಸರು ಹೋಯಿತು. ಮಂಕು ಹಸಿರು ಬಳಿದೆ. ಸಂದುಗಳಲ್ಲಿ ಕಪ್ಪು ಬಣ್ಣವನ್ನು ನೀರಾಗಿಸಿ ಇಳಿಸಿದೆ. ಅಂಗಡಿಯ ಹಿಂದಿನ ಮಣ್ಣನ್ನು ಅರಿವೆಯಲ್ಲಿ ಸೋಸಿ, ಗೋಂದಿನಲ್ಲಿ ಕಲಸಿ ತಂದರೆ, "ಇದು ನಮ್ಮ ಎರಿ ಮಣ್ಣು, ನಾವು ಟ್ಯಾಂಕ್ ಓಡಿಸಿದಲ್ಲಿದು ಇಷ್ಟು ಕಪ್ಪಿಲ್ಲ" ಎಂದ. ಇಟ್ಟಿಗೆ ಪುಡಿ, ಒಲೆಯ ಬೂದಿ ಬೆರೆಸಿದೆ. ಆ ರಾಡಿಯನ್ನು ಗಾಲಿಗಳಿಗೆ ಮೆತ್ತುವಾಗ ನನ್ನ ಬೆರಳುಗಳೇ ನನಗೆ ಅಸಹ್ಯವಾದವು. ಆದರೂ ನಿಲ್ಲಿಸಲಿಲ್ಲ. ಕೊನೆಗೆ ಮುಚ್ಚಳದ ಪಕ್ಕದ ಎಡಭಾಗದಲ್ಲಿ ಪೆನ್ಸಿಲಿನ ಸೀಸವನ್ನು ಬೆರಳಿಂದ ತಿಕ್ಕಿದೆ. ಸವೆದ ಕಬ್ಬಿಣ ಕಂಡಿತು.

"ಇನ್ನೊಂಚೂರು ಉದ್ದ" ಎಂದ ಮರಿಲಿಂಗಪ್ಪ. "ಕಾಲು ದೊಡ್ಡದಿತ್ರಿ ಅವನದು."

ಬಸ್ಸಿನಲ್ಲಿ ಅವನ ಒಂದೇ ಕೈಯಿಂದ ಜಾರಿ ಬಿದ್ದೀತೆಂದು ಗುರುವಾರ ನಾನೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೊಂಕಲ್‌ಗೆ ಹೋದೆ. ಪಾರ್ವತಿಬಾಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕೆಸರು ಕಂಡು ಹೇಸಲಿಲ್ಲ. ಅವಳ ಹೆಬ್ಬೆರಳು ಆ ಜಾಗದಲ್ಲಿ ನಿಂತಿತು.

"ಇಲ್ಯಾಕ ಬಣ್ಣ ಹೋಗ್ಯಾದ್ರಿ ಅಣ್ಣಾರ?"

"ನಿನ್ನ ಗಂಡನ ಎಡಗಾಲವ್ವಾ" ಎಂದ ಮರಿಲಿಂಗಪ್ಪ.

ಅವಳು ಬಾಗಿಲ ಮುಂದಿನ ಮೆಟ್ಟಿಲ ಕಡೆ ನೋಡಿ, "ನಮ್ಮ ಪಾವಟಿಗಿ ಕಲ್ಲೂ ಎಡಕ್ಕೇ ಸವದದ್ರಿ" ಎಂದಳು. ಅಂಬ್ರಪ್ಪನ ಫೋಟೋದ ಮುಂದೆ ಟ್ಯಾಂಕು ಇಟ್ಟು ಕುಂಕುಮ ಹಚ್ಚಿದಳು. ಆ ಜಾಗವನ್ನು ಬಿಟ್ಟು ಹಚ್ಚಿದಳು.

ನಯೀಮನ ಲಾರಿ ಈಗ ಕಡೇಚೂರಿನ ಕಾರ್ಖಾನೆಯೊಂದಕ್ಕೆ ಓಡುತ್ತದೆ. ಹೋದ ವಾರ ಸೈದಾಪುರದ ರೈಲ್ವೆ ಗೇಟಿನಲ್ಲಿ ನನ್ನ ಪಕ್ಕದಲ್ಲೇ ನಿಂತಿತ್ತು. ಕಿಟಕಿಯ ಕೆಳಗೆ, ಅವನು ಮೊಣಕೈ ಇಡುತ್ತಿದ್ದಲ್ಲಿ ಕೈಯಾಡಿಸಿ ನೋಡಿದೆ. ನುಣ್ಣಗಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಮುಖ ಕಂಡಿತು. ಆ ಮುಖಕ್ಕೆ ಥೂ ಎಂದು ಉಗಿದು ಬಂದೆ.