ಮುಂದಿನ ಎರಡು ಚಕ್ರ

ಕಲ್ಲುಕೋರೆಯ ತಳದಿಂದ ಮೇಲಿನ ರಸ್ತೆಗೆ ಇದ್ದದ್ದು ಒಂದೇ ಏರು. ಮಳೆ ಬಿದ್ದರೆ ಅದು ಬರೀ ಕೆಸರು. ಅದರ ಮೇಲೆ ಗಾಡಿ ಹತ್ತಿಸಲು ಗಂಡ ಹೆಂಡತಿ ಕೆಲಸ ಹಂಚಿಕೊಂಡಿದ್ದರು. ಅವರ ಹಳೇ ಟ್ರಕ್ಕಿನಲ್ಲಿ ನಾಲ್ಕೂ ಚಕ್ರ ಎಳೆಯಬೇಕಾದರೆ ಒಳಗಿನ ಲಿವರ್ ಎಳೆದರಷ್ಟೇ ಸಾಲದು; ಮೊದಲು ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಬಿಲ್ಲೆಯನ್ನೂ ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಇಲ್ಲದಿದ್ದರೆ ಎಳೆಯುವುದು ಹಿಂದಿನ ಚಕ್ರಗಳು ಮಾತ್ರ. ಬಿಲ್ಲೆ ಅವನದು, ಸ್ಟೀರಿಂಗ್ ಅವಳದು. ಲಾಕ್ ಮಾಡಿ ಅವನು ಪಕ್ಕಕ್ಕೆ ಸರಿದು ಕೈ ಬೀಸುತ್ತಿದ್ದ, ಅವಳು ನಿಲ್ಲಿಸದೆ ಹತ್ತಿಸುತ್ತಿದ್ದಳು, ಅವನು ಸಿಳ್ಳೆ ಹಾಕುತ್ತಾ ಹಿಂದೆ ನಡೆದು ಬರುತ್ತಿದ್ದ.

"ನಂಗೂ ಕಲಿಸ್ರೀ" ಎಂದರೆ, "ಎಲ್ಲಾ ನೀನೇ ಕಲಿತ್ರೆ ನನ್ನ ಯಾರು ಮೂಸ್ತಾರೆ?" ಎಂದು ನಗುತ್ತಿದ್ದ.

ಅವತ್ತು ಕಲ್ಲು ತುಂಬುವಾಗಲೇ ಅವನು ಎದೆ ಹಿಡಿದುಕೊಂಡು ಕುಸಿದ. ಮೈಯೆಲ್ಲ ತಣ್ಣನೆ ಬೆವರು. ಉಳಿದ ಗಾಡಿಗಳು ಮಳೆಗೆ ಹೆದರಿ ಬೆಳಗ್ಗೆಯೇ ಜಾಗ ಖಾಲಿ ಮಾಡಿದ್ದವು. ಹೇಗೋ ಅವನನ್ನು ಪಕ್ಕದ ಸೀಟಿಗೆ ಎತ್ತಿ ಕೂರಿಸಿ ಆಸ್ಪತ್ರೆಗೆ ಹೊರಟಳು. ಏರಿನ ಬುಡದಲ್ಲಿ ತಾನೇ ಇಳಿದು ಬಿಲ್ಲೆಗೆ ಕೈ ಹಾಕಿದಳು. ತಿರುಗಿಸಿದಳು, ಬೈದಳು, ಉಗುರು ಕಿತ್ತುಬಂತು; ಆ ದರಿದ್ರದ್ದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಬಾಗಿಲು ತೆಗೆದ ಸದ್ದಾಯಿತು.

"ರೀ, ಇಳೀಬೇಡಿ! ನಿಮ್ಮ ದಮ್ಮಯ್ಯ!"

"ಅದಕ್ಕೊಂದು ವರಸೆ ಇದೆ ಕಣೇ. ಹೇಳ್ತಾ ಕೂತ್ರೆ ಆಗಲ್ಲ. ನೀನು ಹತ್ತು."

ಆ ಹಟಮಾರಿಗೆ ಎದುರಾಡಿ ಗೆದ್ದವರಿಲ್ಲ. ಅವಳು ಹತ್ತಿ ಕೂತಳು. ಎಡಗಡೆಯದು ಟಕ್ ಎಂದಿತು. ಬಾನೆಟ್ ಹಿಡಿದುಕೊಂಡು ಬಳಸಿ ಬಂದು ಬಲಗಡೆಯದನ್ನೂ ಕೂರಿಸಿದ. ಪಕ್ಕಕ್ಕೆ ಸರಿದು ಕೈ ಎತ್ತಿದ.

ಕೈ ಎತ್ತಿದ್ದೇ ತಡ, ಅವಳು ಲಿವರ್ ಎಳೆದು ಗಾಡಿ ಹೊಡೆದೇಬಿಟ್ಟಳು. ವರ್ಷಗಳ ಅಭ್ಯಾಸ. ಮುಂದಿನ ಚಕ್ರಗಳು ಕೆಸರು ಕಚ್ಚಿದವು, ಗಾಡಿ ಸಲೀಸಾಗಿ ಏರತೊಡಗಿತು. ಅರ್ಧ ಏರಿನಲ್ಲಿ ಪಕ್ಕದ ಖಾಲಿ ಸೀಟು ಕಣ್ಣಿಗೆ ಬಿತ್ತು. ನಡುವೆ ನಿಲ್ಲಿಸಿದರೆ ಗಾಡಿ ಹೂತುಹೋಗುತ್ತದೆ. ಅಳುತ್ತಲೇ ತುದಿ ಮುಟ್ಟಿಸಿ, ಇಳಿದು ಓಡಿದಳು, ಜಾರಿದಳು, ಎದ್ದಳು.

ಅವನು ಬುಡದಲ್ಲಿ ಒಂದು ಬಂಡೆಗೆ ಒರಗಿ, ಏರಿನ ಕಡೆಗೇ ಮುಖ ಮಾಡಿ ಕೂತಿದ್ದ.

"ಹತ್ತಿಸ್ದೆ ಕಣ್ರೀ, ಏಳಿ" ಎಂದು ಭುಜ ಅಲುಗಿಸಿದಳು. ತಲೆ ಅವಳ ತೋಳಿನ ಮೇಲೆ ವಾಲಿತು.

ಆ ಕೈ ಎತ್ತಿದ್ದು ಹೋಗು ಎಂದೋ, ನಿಲ್ಲು ಎಂದೋ, ಕೇಳೋಣವೆಂದರೆ ಅವನೇ ಉಳಿದಿರಲಿಲ್ಲ.