ಹಿಂಡಿ ಚೆಲ್ಲಿದ ನೀರು

ನಾನು ಒಂದು ಹಾಗಲಕಾಯಿ. ಇಷ್ಟು ಹೇಳುವಷ್ಟರಲ್ಲೇ ನಿಮ್ಮಲ್ಲಿ ಅರ್ಧ ಜನ ಮುಖ ಕಿವುಚಿರುತ್ತೀರಿ, ನನಗೆ ಗೊತ್ತು. ಕಿವುಚಿಕೊಳ್ಳಿ. ಕಳ್ಳನ ಪರವಾಗಿ ಕಳ್ಳ ಸಾಕ್ಷಿ ನುಡಿದರೆ ‘ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ’ ಎಂದು ನನ್ನ ಹೆಸರು ಎಳೆದು ತರುವವರು ನೀವು. ನಾನು ಯಾರ ಮನೆಗೆ ಕನ್ನ ಹಾಕಿದ್ದೆ ಸ್ವಾಮಿ? ಕಹಿ ನನ್ನ ಹುಟ್ಟುಗುಣ. ಅದನ್ನು ಬಚ್ಚಿಟ್ಟು ಸಿಹಿ ಮಾತಾಡುವ ಜಾಯಮಾನ ನನ್ನದಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ, ದ್ಯಾಮವ್ವ ಎಂಬ ಹೆಂಗಸಿನ ಬಾವಿ ತೋಟದ ಚಪ್ಪರದ ಮೇಲೆ. ಬೇಸಿಗೆ ಬೆಳೆ. ನಾನು ಹೂವಾಗಿ ಅರಳಿದ ದಿನ ಜೇನುನೊಣಗಳ ಸುಳಿವಿರಲಿಲ್ಲ. ದ್ಯಾಮವ್ವ ಪಕ್ಕದ ಬಳ್ಳಿಯಿಂದ ಗಂಡು ಹೂವೊಂದನ್ನು ಕಿತ್ತು ತಂದು, ಅದರ ಪುಡಿಯನ್ನು ನನ್ನ ಮುಖಕ್ಕೆ ಮೆಲ್ಲಗೆ ಒರೆಸಿ, “ಇನ್ನ ಕಾಯಿ ಕಚ್ಚು ನನ್ನವ್ವಾ” ಎಂದಳು. ಅಷ್ಟು ಮರ್ಯಾದೆಯಿಂದ ಕೇಳಿದ ಮೇಲೆ ಒಲ್ಲೆ ಎನ್ನಲಾದೀತೇ? ಕಚ್ಚಿದೆ. ಎರಡು ವಾರದಲ್ಲಿ ಗೇಣುದ್ದ ಬೆಳೆದು, ಮೈತುಂಬ ಗುಳ್ಳೆ ಹೊತ್ತು, ಬಿಸಿಲಿಗೆ ಹೊಳೆಯುತ್ತ ತೂಗಾಡಿದೆ.

ಆ ತೋಟದಲ್ಲಿ ನಮ್ಮವು ಎರಡು ಸಾಲು. ಒಂದು ಸಾಲಿಗೆ ತಿಪ್ಪೆಗೊಬ್ಬರ, ಬೇವಿನ ಹಿಂಡಿ. ಇನ್ನೊಂದಕ್ಕೆ ಅಂಗಡಿಯಿಂದ ತಂದ ಚೀಲದ ಗೊಬ್ಬರ. ಬೀಜ ಒಂದೇ, ಬಾವಿ ಒಂದೇ, ಬಿಸಿಲು ಒಂದೇ. ನಾನು ತಿಪ್ಪೆಗೊಬ್ಬರದ ಸಾಲಿನವನು, ಹಾಗಾಗಿ ಆಚೆ ಸಾಲಿನವರನ್ನು ನೋಡಿ ಸ್ವಲ್ಪ ಮೂಗು ಮುರಿಯುತ್ತಿದ್ದೆ. ಅವರು ನಮಗಿಂತ ದಪ್ಪಗಿದ್ದರು. ದಪ್ಪಗಿದ್ದರೆ ಆಯಿತೇ, ಒಳಗೆ ಸತ್ವ ಬೇಡವೇ ಎಂದು ಗಾಳಿ ಬೀಸಿದಾಗಲೆಲ್ಲ ಕೇಳುತ್ತಿದ್ದೆ.

ಹೀಗೆ ಎರಡು ಸಾಲು ಹಾಕಿಸಿದವರು ರತ್ನಮಾಲಾ ಟೀಚರ್. ಹೈಸ್ಕೂಲಿನಲ್ಲಿ ಪಾಠ ಹೇಳುವ ಹೆಂಗಸು, ನಲವತ್ತು ಮುಟ್ಟುತ್ತಿದ್ದ ವಯಸ್ಸಿನಲ್ಲಿ ಒಂದು ವರ್ಷ ರಜೆ ಹಾಕಿ ಪೇಟೆಯ ಕಾಲೇಜಿನಲ್ಲಿ ಆಹಾರದ ಬಗ್ಗೆ ದೊಡ್ಡ ಓದು ಓದಲು ಬಂದಿದ್ದರು. ಹಾಗಲಕಾಯಿಯನ್ನು ಹೇಗೆ ಬೆಳೆದರೆ, ಹೇಗೆ ಬೇಯಿಸಿದರೆ ಅದರ ಸತ್ವ ಎಷ್ಟು ಉಳಿಯುತ್ತದೆ ಎಂಬುದೇ ಅವರ ವಿಷಯ. ನೋಡಿ, ನನ್ನ ಮೇಲೆ ಪುಸ್ತಕ ಬರೆಯಲು ಹೊರಟಿದ್ದರು! ಕೊಯ್ಲಿನ ದಿನ ಅವರೇ ಬುಟ್ಟಿ ಹಿಡಿದು ಬಂದರು.

“ಇದ ಕಡೀ ಕೊಯ್ಲ ಹೌದಿಲ್ರಿ?” ಎಂದು ದ್ಯಾಮವ್ವನನ್ನು ಕೇಳಿದರು.

“ಹೌದ್ರಿ ಅಕ್ಕೋರ. ಇನ್ನ ಬೀಜಕ್ಕ ಬಿಟ್ಟ ಕಾಯಿ ಅಷ್ಟ ಉಳೀತಾವು. ಆಮ್ಯಾಲೆ ಬಳ್ಳಿ ಕಿತ್ತು ಒಗಿಯೂದ.”

“ನಂಗೂ ಇದ ಕಡೀದು. ಜೂನ್ ಒಂದಕ್ಕ ಸಾಲೀಗೆ ಹೋಗಿ ಪಾಠಾ ಹೇಳಬೇಕು. ಅಷ್ಟರಾಗ ಮುಗಿಲಿಲ್ಲಂದ್ರ ಮತ್ತೊಮ್ಮೆ ರಜಾ ಕೊಡಂಗಿಲ್ಲ, ಓದು ಅಲ್ಲೇ ನಿಂತಂಗ.”

ಆ ಮಾತು ಬುಟ್ಟಿಯಲ್ಲಿದ್ದ ನಮ್ಮೆಲ್ಲರ ಕಿವಿಗೂ ಬಿತ್ತು. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಕುಳಿತು ಪೇಟೆಗೆ ಹೋಗುವಾಗ ನಾನು ಎದೆಯುಬ್ಬಿಸಿ ಹೇಳಿದೆ, ಈ ಹೆಂಗಸಿನ ಓದು ನನ್ನಿಂದಲೇ ದಡ ಸೇರುತ್ತದೆ, ನೋಡುತ್ತಿರಿ.

ಮರುದಿನ ಬೆಳಿಗ್ಗೆ ನನ್ನ ತುದಿಗೆ ಹಳದಿ ಬಣ್ಣ ಇಣುಕಿತ್ತು. ಟೀಚರ್ ನನ್ನನ್ನು ಎತ್ತಿ ನೋಡಿ, “ಇದು ಹಣ್ಣಾಗಾಕತ್ತೈತಿ, ಪರೀಕ್ಷಾಕ್ಕ ಬರಂಗಿಲ್ಲ” ಎಂದು ಕಾಲೇಜಿನ ಅಡುಗೆಕೋಣೆಯ ಕಿಟಕಿಕಟ್ಟೆಯ ಮೇಲೆ ಇಟ್ಟುಬಿಟ್ಟರು. ಎಂಥ ಅವಮಾನ! ಚೀಲದ ಗೊಬ್ಬರದ ಡೊಳ್ಳುಹೊಟ್ಟೆಯವರೆಲ್ಲ ಪರೀಕ್ಷೆಗೆ ಕುಳಿತರು, ನಾನು ಹೊರಗೆ. ಆ ಹೊಟ್ಟೆಕಿಚ್ಚಿನಲ್ಲೇ ಆ ಬೆಳಗಿನ ಒಂದೊಂದು ಘಟನೆಯನ್ನೂ ಕಣ್ಣು ಮಿಟುಕಿಸದೆ ನೋಡಿದೆ.

ಆ ಅಡುಗೆಕೋಣೆ ನೋಡಿಕೊಳ್ಳುವವಳು ಹೊನ್ನವ್ವ. ಐವತ್ತೆಂಟು ವಯಸ್ಸು, ಮೂವತ್ತು ವರ್ಷ ಒಲೆಯ ಮುಂದೆ ನಿಂತ ಕೈ. ಟೀಚರ್ ಅವಳಿಗೆ ನಾಲ್ಕು ಬಗೆಯ ಅಡುಗೆ ವಿವರಿಸಿದ್ದರು: ಒಂದು ಪಾಲನ್ನು ನೀರಲ್ಲಿ ಕುದಿಸಿ ಬಸಿಯಬೇಕು, ಒಂದನ್ನು ಹಬೆಯಲ್ಲಿ ಬೇಯಿಸಬೇಕು, ಒಂದನ್ನು ಎಣ್ಣೆಯಲ್ಲಿ ಕರಿಯಬೇಕು, ಇನ್ನೊಂದನ್ನು ಬಾಣಲೆಯಲ್ಲಿ ಚೂರು ಎಣ್ಣೆ ಹಾಕಿ, ಮುಚ್ಚಿ, ಬೇಗ ಬಾಡಿಸಿ ಇಳಿಸಬೇಕು. ಹಸಿಯ ಹೋಳುಗಳನ್ನು ಮಾತ್ರ ಹೆಚ್ಚಿದ ಕೂಡಲೇ ಆಚೆ ಕಟ್ಟಡದ ಲ್ಯಾಬಿಗೆ ಮುಟ್ಟಿಸಬೇಕಿತ್ತು. ತಡವಾದರೆ ವಿಟಮಿನ್ ಸಿ ಕೈಬಿಟ್ಟು ಹೋಗುತ್ತದಂತೆ. ಟೀಚರ್ ಆ ಡಬ್ಬಿ ಹಿಡಿದು ಓಡುವ ಅವಸರದಲ್ಲಿ, “ಹೊನ್ನವ್ವಾರ, ಉಳಿದಿದ್ದನ್ನ ಮನ್ಯಾಗ ಹೆಂಗ ಹೆಚ್ಚಿ ಇಡ್ತೀರೋ ಹಂಗ ಹೆಚ್ಚಿ ಇಡ್ರಿ, ಬಂದೆ” ಎಂದರು.

ಹೊನ್ನವ್ವ ಹೆಚ್ಚಿದಳು. ಹೆಚ್ಚಿ, ಮನೆಯಲ್ಲಿ ಮಾಡುವ ಹಾಗೆಯೇ ಹಿಡಿ ಉಪ್ಪು ಹಾಕಿ ಕಲಸಿದಳು. ಕಾಲು ಗಂಟೆ ಮುಚ್ಚಿಟ್ಟಳು. ಹೋಳುಗಳು ನೀರು ಬಿಟ್ಟವು. ಆಮೇಲೆ ಸೆರಗು ಸಿಕ್ಕಿಸಿ, ಒಂದೊಂದು ಹಿಡಿಯನ್ನೂ ಎರಡೂ ಅಂಗೈ ನಡುವೆ ಇಟ್ಟು ಹಿಂಡಿದಳು. ಅಯ್ಯೋ, ಆ ಹಸಿರು ನೀರು ಹೇಗೆ ಹರಿಯಿತೆಂದರೆ, ನಾನು ಕಟ್ಟೆಯ ಮೇಲಿಂದಲೇ ಕೂಗಿಕೊಂಡೆ. ಕಾಯಿಯ ಕೂಗು ಯಾರಿಗೆ ಕೇಳಬೇಕು? ನೀರು ಸಿಂಕಿನಲ್ಲಿ ಇಳಿದು ಗಟಾರ ಸೇರಿತು. ಹೋಳುಗಳನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ, ಸಾಲಿಗೆ ನಾಲ್ಕರಂತೆ ಬಟ್ಟಲಿಗೆ ಹಾಕಿ ತಟ್ಟೆ ಮುಚ್ಚಿದಳು. ಎರಡೂ ಸಾಲಿನ ಕಾಯಿಗೂ ಇದೇ ಗತಿ. ಟೀಚರ್ ಏದುಸಿರು ಬಿಡುತ್ತ ಬಂದವರು ಬಟ್ಟಲು ನೋಡಿ, “ಎಷ್ಟು ಸ್ವಚ್ಛ ಮಾಡೀರಿ” ಎಂದು ಹೊಗಳಿ ಒಲೆ ಹಚ್ಚಿಸಿದರು.

ಹೊನ್ನವ್ವನನ್ನು ಬೈಯಬೇಡಿ. ಆ ಸೀಮೆಯಲ್ಲಿ ಉಪ್ಪು ಹಚ್ಚಿ ಹಿಂಡದೆ ಹಾಗಲಕಾಯಿ ಮಾಡುವ ಹೆಂಗಸನ್ನು ಅಡುಗೆ ಬಾರದವಳು ಎನ್ನುತ್ತಾರೆ. ಕೈ ತೊಳೆಯುವುದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಹಾಗೆಯೇ ಇದೂ, ಹೇಳಲು ಅವಳಿಗೂ ತೋಚಲಿಲ್ಲ, ಕೇಳಲು ಇವರಿಗೂ ತೋಚಲಿಲ್ಲ.

ನಾಲ್ಕನೆಯ ದಿನ ಲ್ಯಾಬಿನ ಕಾಗದ ಬಂತು. ಅಷ್ಟರಲ್ಲಿ ನಾನು ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದೆ. ಟೀಚರ್ ಕಾಗದ ಹಿಡಿದು ಅಡುಗೆಕೋಣೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಹಸಿ ಕಾಯಿಯಲ್ಲಿ ಸತ್ವ ಭರ್ತಿ ಇತ್ತು. ಬೇಯಿಸಿದ ನಾಲ್ಕೂ ಬಗೆಯಲ್ಲಿ ಒಂದೇ ಸಮವಾಗಿ ನೆಲಕಚ್ಚಿತ್ತು. ಹಬೆಯೂ ಅಷ್ಟೇ, ಬಾಣಲೆಯೂ ಅಷ್ಟೇ, ಕುದಿಸಿ ಬಸಿದದ್ದೂ ಅಷ್ಟೇ. ಅವರ ಓದಿಗೆ ದಾರಿ ತೋರುತ್ತಿದ್ದ ಕಾಲೇಜಿನ ಗೈಡ್ ಮೇಡಂ ಕಾಗದ ನೋಡಿ, ಇದು ಎಲ್ಲೋ ತಪ್ಪಿದೆ, ಇದನ್ನು ಒಪ್ಪಲಾಗದು, ಮುಂದಿನ ವರ್ಷ ಮತ್ತೆ ಮಾಡಿ ಎಂದಿದ್ದರಂತೆ.

“ಮುಂದಿನ ವರ್ಷ ನಂಗ ಎಲ್ಲೈತಿ ಹೊನ್ನವ್ವಾರ” ಎಂದು ಟೀಚರ್ ಅತ್ತರು. “ಮಿಷನ್ನ ಕೆಟ್ಟಿರಬೇಕು. ಇಲ್ಲಾ ನನ್ನ ತಲಿ ಕೆಟ್ಟೈತಿ.”

ಹೊನ್ನವ್ವ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. ಮಿಷನ್ನು ಅಂದರೆ ಮಿಷನ್ನು ಎಂದು ಸುಮ್ಮನಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ನೋಡಿದವನು ನಾನೊಬ್ಬನೇ, ನನಗೆ ಬಾಯಿಲ್ಲ. ಅವಳು ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು.

“ಅಕ್ಕೋರ, ಹಿಂಡಿದ್ದಕ್ಕ ಏನರ ಹಿಂಗ ಆಗಿರಬಹುದೇನ್ರಿ?”

“ಏನ ಹಿಂಡಿದ್ದು?”

“ಉಪ್ಪು ಹಚ್ಚಿ ಹಿಂಡೇನ್ರಿ. ಎಲ್ಲಾನೂ. ಮನ್ಯಾಗ ಮಾಡಿದಂಗ ಅಂದ್ರಲ್ಲ ನೀವು. ಹಿಂಡದ ಯಾರ ಮಾಡ್ತಾರ್ರಿ?”

ಟೀಚರ್ ಕಾಗದ ಇಳಿಸಿ ಸಿಂಕಿನತ್ತ ನೋಡಿದರು. ಹೊನ್ನವ್ವ ತಲೆ ತಗ್ಗಿಸಿ, “ನನ್ನ ಕೆಲಸದಿಂದ ತಗದ್ರೂ ಅಡ್ಡಿಯಿಲ್ಲರಿ. ನಿಮ್ಮ ಓದು ಉಳಿಯೂದು ನೋಡ್ರಿ” ಎಂದಳು. ನನಗೆ ಆ ಹೆಂಗಸಿನ ಮೇಲೆ ಅವತ್ತೇ ಅಭಿಮಾನ ಹುಟ್ಟಿತು.

ಟೀಚರ್ ಸಂಜೆಯ ಬಸ್ಸಿಗೇ ದ್ಯಾಮವ್ವನ ಹಳ್ಳಿಗೆ ಹೋದರು. ಚಪ್ಪರದಲ್ಲಿ ಬೀಜಕ್ಕೆ ಬಿಟ್ಟ ಕಾಯಿಗಳಷ್ಟೇ ಉಳಿದಿದ್ದವು, ಸಾಲಿಗೆ ಎಂಟರಂತೆ. ಪುಣ್ಯಕ್ಕೆ ಇನ್ನೂ ಹಸಿರಾಗಿದ್ದವು. ಬೀಜದ ಕಾಯಿ ಕೇಳುವುದೆಂದರೆ ರೈತ ಹೆಂಗಸಿನ ಬಳಿ ಮುಂದಿನ ವರ್ಷವನ್ನೇ ಕೇಳಿದಂತೆ. ದ್ಯಾಮವ್ವ ಮರುದಿನ ಬೆಳಕು ಹರಿಯುವ ಮೊದಲೇ ಎಲ್ಲವನ್ನೂ ಕೊಯ್ದು, ಒದ್ದೆ ಬಟ್ಟೆ ಹೊದಿಸಿ, ಬುಟ್ಟಿಯನ್ನು ತಾನೇ ಹೊತ್ತು ಟೀಚರ್ ಜೊತೆ ಕಾಲೇಜಿಗೆ ಬಂದಳು. ಕಟ್ಟೆಯ ಮೇಲೆ ನಾನು ಆ ಹೊತ್ತಿಗೆ ಹಣ್ಣಾಗಿ ಮೂರು ಸೀಳಾಗಿ ಬಿರಿದಿದ್ದೆ. ಕೆಂಪು ತಿರುಳಿನ ನಡುವೆ ಬೀಜ ಕಾಣುತ್ತಿತ್ತು.

“ಇದ್ಯಾರ ಇಟ್ಟಿದ್ರು ಇದನ್ನ?” ಎಂದಳು ದ್ಯಾಮವ್ವ.

“ಪರೀಕ್ಷಾಕ್ಕ ಬ್ಯಾಡಾಗಿತ್ತು” ಎಂದರು ಟೀಚರ್.

“ಬ್ಯಾಡಾಗಿದ್ದ ಚಲೋ ಆತು ಬಿಡ್ರಿ” ಎಂದು ದ್ಯಾಮವ್ವ ನನ್ನ ಬೀಜಗಳನ್ನು ಬಿಡಿಸಿ, ತೊಳೆದು, ಹಳೆಯ ಪೇಪರಿನ ಮೇಲೆ ಅದೇ ಕಟ್ಟೆಯಲ್ಲಿ ಹರವಿದಳು. ಈಗ ನಾನು ಒಂದಲ್ಲ, ಇಪ್ಪತ್ತೆರಡು. ಪರೀಕ್ಷೆಯಲ್ಲಿ ಫೇಲಾದವನ ಭಾಗ್ಯ ನೋಡಿ.

ಎರಡನೆಯ ಸಲ ಟೀಚರ್ ಕಣ್ಣೆದುರೇ ಎಲ್ಲವನ್ನೂ ಮಾಡಿಸಿದರು. ಅರ್ಧ ಹೋಳುಗಳನ್ನು ಹೊನ್ನವ್ವನ ಪದ್ಧತಿಯಂತೆ ಹಿಂಡಿಸಿದರು, ಅರ್ಧವನ್ನು ಹಿಂಡದೆ ಬೇಯಿಸಿದರು. ಹಿಂಡಿದ ನೀರನ್ನು ಈ ಸಲ ಗಟಾರಕ್ಕೆ ಬಿಡಲಿಲ್ಲ, ಸೀಸೆಯಲ್ಲಿ ಹಿಡಿದು ಅದನ್ನೂ ಲ್ಯಾಬಿಗೆ ಕಳಿಸಿದರು. ಹಿಂಡದ ಕಾಯಿಗೆ ಕೈಹಾಕುವಾಗ ಹೊನ್ನವ್ವನ ಬಲಗೈ ಎರಡು ಸಲ ಉಪ್ಪಿನ ಡಬ್ಬಿಯತ್ತ ಹೋಯಿತು. ಎರಡು ಸಲವೂ ಅವಳೇ ಹಿಂದಕ್ಕೆ ಎಳೆದುಕೊಂಡಳು.

ಕಾಗದ ಬಂದ ದಿನ ದ್ಯಾಮವ್ವನೂ ಬಂದಿದ್ದಳು. ಟೀಚರ್ ಇಬ್ಬರಿಗೂ ಓದಿ ಹೇಳಿದರು. ಮೊದಲ ಸುದ್ದಿ ನನ್ನ ಜಂಬ ಇಳಿಸುವಂಥದು: ತಿಪ್ಪೆಗೊಬ್ಬರದ ಸಾಲಿಗೂ ಚೀಲದ ಗೊಬ್ಬರದ ಸಾಲಿಗೂ ಕಾಯಿಯ ಸತ್ವದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ನಮ್ಮದು ತುಸು ಮೇಲು, ಅಷ್ಟೇ. ಆಚೆ ಸಾಲಿನವರ ಮುಂದೆ ನಾನು ಆಡಿದ ಮಾತನ್ನೆಲ್ಲ ನುಂಗಿಕೊಂಡೆ. ದ್ಯಾಮವ್ವ ಮಾತ್ರ, “ಕಾಯಿ ಹೆಂಗರ ಇರ್ಲಿರಿ, ನನ್ನ ಮಣ್ಣು ಮೆತ್ತಗೈತಿ” ಎಂದಳು. ಅದೂ ನಿಜವೇ.

ಎರಡನೆಯ ಸುದ್ದಿ ಅಡುಗೆಮನೆಯದು. ಹಿಂಡದೆ ಬಾಣಲೆಯಲ್ಲಿ ಮುಚ್ಚಿ ಬಾಡಿಸಿದ್ದರಲ್ಲಿ ಸತ್ವ ಬಹುಪಾಲು ಉಳಿದಿತ್ತು. ಹಬೆಯದು ಅದರ ಹಿಂದೆ. ಕುದಿಸಿ ಬಸಿದದ್ದು, ಕರಿದದ್ದು ಕೆಳಗೆ. ಹಿಂಡಿದ ಕಾಯಿ ಮಾತ್ರ ಹೇಗೆ ಬೇಯಿಸಿದರೂ ಬಡವಾಗಿಯೇ ಇತ್ತು. ಅದರ ಸತ್ವದ ಅರ್ಧಕ್ಕಿಂತ ಹೆಚ್ಚು ಆ ಸೀಸೆಯ ನೀರಿನಲ್ಲಿ ಸಿಕ್ಕಿತ್ತು. ನಷ್ಟ ಆಗಿದ್ದು ಒಲೆಯ ಮೇಲಲ್ಲ, ಒಲೆಗೆ ಹೋಗುವ ಮೊದಲೇ.

“ಮೊದಲನೇ ಸಲದ್ದು ಬಿಟ್ಟ ಬಿಡು, ಎರಡನೇದಷ್ಟ ಬರಿ ಅಂದ್ರು ಮೇಡಂ” ಎಂದರು ಟೀಚರ್. “ಬಿಡಂಗಿಲ್ಲ ಅಂದೆ. ನಮ್ಮ ಕಡೆ ಮನಿಮನ್ಯಾಗ ಹಿಂಗ ಮಾಡ್ತಾರ. ಅದನ್ನ ಬಿಟ್ಟು ಹಾಗಲಕಾಯಿ ಮ್ಯಾಲೆ ಏನ ಬರಿಯೂದೈತಿ? ಕಡೀಗೆ ಒಪ್ಪಿದ್ರು. ಮೂವತ್ತನೇ ತಾರೀಖಿಗೆ ಕೊಡ್ತೀನಿ. ಓದು ಮುಗೀತು.”

ದ್ಯಾಮವ್ವ ನಕ್ಕಳು. ನಾನೂ ಪೇಪರಿನ ಮೇಲೆ ಇಪ್ಪತ್ತೆರಡು ಬಾಯಿಯಿಂದ ನಕ್ಕೆ. ಹೊನ್ನವ್ವ ನಗಲಿಲ್ಲ. ಬಾಣಲೆಯಲ್ಲಿ ಉಳಿದಿದ್ದ ಹಿಂಡದ ಪಲ್ಯವನ್ನು ಅಂಗೈಗೆ ಹಾಕಿಕೊಂಡು ತಿಂದಳು. ಕಹಿಗೆ ಅವಳ ಕಣ್ಣು ಕಿರಿದಾಯಿತು. ಮತ್ತೊಂದು ತುತ್ತು ತಿಂದಳು.

“ನನ್ನ ಮಗಳು ಸಣ್ಣಾಕಿದ್ದಾಗ, ಹಿಂಡಬ್ಯಾಡ ಬೇ, ನಂಗ ಕಹೀನ ಸೇರತೈತಿ ಅಂತಿದ್ಲು” ಎಂದಳು. “ಅಡಗಿ ಬಾರದಾಕಿ ಆಗ್ತಿ ಅಂತ ಬೈದು, ಕೈ ಹಿಡದು ಹಿಂಡೂದು ಕಲಿಸಿದೆ.”

ಟೀಚರ್ ಏನೋ ಸಮಾಧಾನ ಹೇಳಲು ಹೋದರು. ಹೊನ್ನವ್ವ ಆಗಲೇ ಸೆರಗಿನಲ್ಲಿ ಕೈ ಒರೆಸಿ ಫೋನು ತೆಗೆದಿದ್ದಳು. ನಾನೀಗ ಮುದುಕ, ಒಣಗಿ ಗರಿಗರಿಯಾಗಿದ್ದೇನೆ, ಸಂಜೆಗೆ ದ್ಯಾಮವ್ವ ಹುಳ ಹತ್ತದಂತೆ ನನ್ನನ್ನು ಬೂದಿಯಲ್ಲಿ ಕಲಸಿ ಕಟ್ಟಿಕೊಂಡು ಹೋಗುತ್ತಾಳೆ. ಈ ಆಯುಷ್ಯದಲ್ಲಿ ತಿಳಿದದ್ದು ಒಂದೇ. ಕಹಿಯಾಗಿರುವುದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ನಾನು ಹುಟ್ಟಿದ್ದೇ ಹಾಗೆ. ಕಷ್ಟ ಇರುವುದು ಕಹಿ ಸತ್ಯ ನುಡಿಯಬೇಕಾದ ಹೊನ್ನವ್ವನಂಥವರಿಗೆ. ಫೋನಿನ ಆಚೆ ಮಗಳ ದನಿ ಕೇಳಿಸಿತು.

“ಹಾಗಲಕಾಯಿ ಮಾಡ್ತೀಯಲ್ಲ, ಹಿಂಡಿ ಮಾಡ್ತೀಯೇನು?” ಎಂದು ಕೇಳಿದಳು ಹೊನ್ನವ್ವ.

“ಹೂಂ ಬೇ, ನೀನ ಕಲಿಸಿದ್ದಲ್ಲ.”

“ಇನ್ನ ಹಿಂಡಬ್ಯಾಡ” ಎಂದಳು ಹೊನ್ನವ್ವ. “ನಾ ನಿನಗ ತಪ್ಪು ಕಲಿಸೇನಿ.”